ನಾಲ್ಕನೇ ತಿರುವು

ಅಂಗಡಿಯ ಗಾಜಿನೊಳಗೆ ಗೊಂಬೆಗೆ ತೊಡಿಸಿದ್ದ ಸ್ವೆಟರ್ ತನ್ನದೇ ಎಂದು ತಿಳಿಯಲು ಕಡ್ಡಿಯಕ್ಕ ಎರಡನೇ ಸಲ ನೋಡಬೇಕಾಗಲಿಲ್ಲ. ಎದೆಯುದ್ದಕ್ಕೂ ಇಳಿದ ಮೂರು ಜಡೆ, ನಡುವೆ ಜೇನುಗೂಡು, ಕತ್ತಿಗೆ ಮಡಚುವ ಪಟ್ಟಿ. ಎಂಟು ತಿಂಗಳು ಹೆಣೆದು, ಬಿಚ್ಚಿ, ಮತ್ತೆ ಹೆಣೆದು ಹುಟ್ಟಿಸಿದ ವಿನ್ಯಾಸ. ಈ ಚಳಿಗಾಲಕ್ಕೆ ಮಾರಾಟಕ್ಕಿಡಬೇಕೆಂದು ಗಿರಾಕಿಗಳಿಗ್ಯಾರಿಗೂ ತೋರಿಸದೆ ಕಾದಿದ್ದಳು. ಇಲ್ಲಿ ನೋಡಿದರೆ ಯಂತ್ರದಲ್ಲಿ ಹೆಣೆದ ಇಪ್ಪತ್ತು ಸ್ವೆಟರ್‌ಗಳು ನೆಲ ಒರೆಸುವ ಬಟ್ಟೆಯ ಹಾಗೆ ಅಟ್ಟಿಯಾಗಿ ಬಿದ್ದಿದ್ದವು.

ಬೀದಿಯವರು ಅವಳಿಗೆ ಸುಮ್ಮನೆ ಕಡ್ಡಿಯಕ್ಕ ಎಂದು ಹೆಸರಿಟ್ಟಿರಲಿಲ್ಲ. ಕೈಯಲ್ಲಿ ಸದಾ ಹೆಣಿಗೆಯ ಕಡ್ಡಿ, ಮಾತೂ ಕಡ್ಡಿ ಮುರಿದ ಹಾಗೆ. ಆ ಸ್ವೆಟರ್‌ಗಳಲ್ಲಿ ಒಂದನ್ನು ಕೊಂಡು ನೇರ ಮನೆಗೆ ಬಂದವಳೇ ಊಟದ ಮೇಜಿನ ಮೇಲೆ ಎಸೆದಳು.

ಗಂಡ ಉಣ್ಣುತ್ತಿದ್ದ. ಮೀನು ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಅವನ ಕೆಲಸ. ವಾರ ಬಿಟ್ಟು ವಾರ ರಾತ್ರಿ ಪಾಳಿ. ಈ ವಿನ್ಯಾಸದ ಮೊದಲನೆಯ ಸ್ವೆಟರನ್ನು ಅವಳು ಹೆಣೆದದ್ದು ಅವನಿಗಾಗಿಯೇ. ನಾತ ಹಿಡಿಯುತ್ತದೆಂದು ಅವನು ಅದನ್ನು ಮನೆಗೆ ತರದೆ ಕೆಲಸದ ಜಾಗದಲ್ಲೇ ಇಟ್ಟುಕೊಂಡಿದ್ದ.

ಎಡಗೈಯಲ್ಲಿ ಕತ್ತಿನ ಪಟ್ಟಿ ಹೊರಳಿಸಿ ಕಾರ್ಖಾನೆಯ ಹೆಸರು ಓದಿದ. ಬಾಯಲ್ಲಿದ್ದ ತುತ್ತು ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

"ಹೋಗ್ಲಿ ಬಿಡು. ಕಾರ್ಖಾನೆಯವರ ಜೊತೆ ಗುದ್ದಾಡಿ ಗೆದ್ದವರುಂಟಾ?"

"ಬಿಡೋಕೆ ಇದೇನು ಬಾಚಣಿಗೇಲಿ ಬಂದ ಕೂದಲಾ?"

"ಅಲ್ವೇ, ಅಲ್ಲಿಗೆ ಹೋಗಿ ಏನು ಸಿಗುತ್ತೆ? ಕೊಟ್ಟವರು ಇಲ್ಲೇ ಇರಬೇಕು. ನೀನು ವಿನ್ಯಾಸ ಬರೆದಿಡೋ ಪುಸ್ತಕದ ಬೀರುವಿನ ಬೀಗದ ಕೈ ಇನ್ಯಾರ ಹತ್ರ ಇದೆ, ಯೋಚನೆ ಮಾಡು."

ಪಕ್ಕದ ಕೋಣೆಯಲ್ಲಿ ಕಡ್ಡಿಗಳ ಸದ್ದು ನಿಂತಿತು. ಅಲ್ಲಿದ್ದವಳು ತಂಗಿ. ಮದುವೆಯೇ ಬೇಡವೆಂದು ಅಕ್ಕನ ಜೊತೆ ಹದಿನೆಂಟು ವರ್ಷ ಕೂತು ಹೆಣೆದವಳು. ಎದೆ, ಬೆನ್ನು ಅಕ್ಕನದು. ತೋಳು, ಕತ್ತು ತಂಗಿಯದು. ಇಬ್ಬರ ಕೈಕೆಲಸ ಎಂದು ಗಿರಾಕಿಗಳಿಗೆ ಇವತ್ತಿಗೂ ಗೊತ್ತಾಗಿರಲಿಲ್ಲ.

ಕಡ್ಡಿಯಕ್ಕ ಸ್ವೆಟರನ್ನು ಅವಳ ತೊಡೆಯ ಮೇಲೆ ಹರಡಿದಳು.

"ಎಡಗಡೆ ಜಡೆ. ಕೆಳಗಿಂದ ನಾಲ್ಕನೇ ತಿರುವು. ಬಲಕ್ಕೆ ಹೋಗಬೇಕಾದ್ದು ಎಡಕ್ಕೆ ಹೋಗಿದೆ. ಇದು ನನ್ನ ಕೈಯ ತಪ್ಪು. ನನ್ನ ತಪ್ಪನ್ನೂ ಬಿಡದೆ ಮಾರಿಕೊಂಡ್ಯಲ್ಲೇ?"

ತಂಗಿ ಆ ತಿರುವಿನ ಮೇಲೆ ಬೆರಳಾಡಿಸಿದಳು. ತಲೆಯೆತ್ತಿ ಬಾಗಿಲಲ್ಲಿ ನಿಂತಿದ್ದ ಭಾವನನ್ನು ನೋಡಿದಳು.

"ಭಾವ ಏನಂತಾರೆ?"

"ಅವರೇನು ಅನ್ನೋದು? ಕಡ್ಡಿ ಯಾವ ಕಡೆಯಿಂದ ಹಿಡೀಬೇಕು ಅಂತಲೂ ಅವರಿಗೆ ಗೊತ್ತಿಲ್ಲ."

"ಪುಸ್ತಕ ತೆಗೆದು ನೋಡಕ್ಕ. ಆಮೇಲೆ ಮಾತಾಡೋಣ."

"ಕಳ್ಳನಿಗೊಂದು ಪಿಳ್ಳೆ ನೆವ. ಇನ್ನೊಂದು ಸಲ ನನ್ನ ಪುಸ್ತಕದ ಮಾತೆತ್ತಬೇಡ. ಈ ಮನೇಲಿ ಒಂದೋ ನೀನಿರಬೇಕು, ಇಲ್ಲ ನಾನಿರಬೇಕು."

ತಂಗಿ ಅಳಲಿಲ್ಲ. ಅರ್ಧಕ್ಕೆ ನಿಂತಿದ್ದ ತೋಳನ್ನು ಕಡ್ಡಿಸಮೇತ ಕುರ್ಚಿಯ ಮೇಲಿಟ್ಟಳು, ಪಕ್ಕದಲ್ಲಿ ಬೀಗದ ಕೈ ಇಟ್ಟಳು.

"ಹದಿನೆಂಟು ವರ್ಷ ನಿನ್ನ ತಪ್ಪು ನಾನು ಬಿಚ್ಚಿ ಸರಿ ಮಾಡಿದೀನಿ. ಇದೊಂದನ್ನ ನೀನೇ ಬಿಚ್ಕೋ."

ಅವಳ ಚೀಲವನ್ನು ಭಾವನೇ ಬೀದಿಯ ತನಕ ಹೊತ್ತೊಯ್ದ. ಅಷ್ಟು ಒಳ್ಳೆಯವನು.

ನಾಲ್ಕು ದಿನ ಮನೆಯಲ್ಲಿ ಎದೆ, ಬೆನ್ನುಗಳೇ ರಾಶಿ ಬಿದ್ದವು, ತೋಳು ಹಾಕುವವರಿರಲಿಲ್ಲ. ಐದನೆಯ ದಿನ ಗಂಡ ರಾತ್ರಿ ಪಾಳಿ ಮುಗಿಸಿ ಬಂದು ಗೊರಕೆ ಹೊಡೆಯುತ್ತಿದ್ದಾಗ ಕಡ್ಡಿಯಕ್ಕ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಕಾರ್ಖಾನೆಗೆ ಹೊರಟಳು. ತಂಗಿ ಯಾರಿಗೆ ಮಾರಿದಳೋ ಅವನ ಬಾಯಿಂದಲೇ ಕೇಳಬೇಕಿತ್ತು.

ಕಾರ್ಖಾನೆಯ ಮೇಸ್ತ್ರಿ ವಯಸ್ಸಾದವನು, ಕನ್ನಡಕದ ಮೇಲೂ ಉಣ್ಣೆಯ ನವಿರು. ಅವಳ ಬೈಗುಳ ಮುಗಿಯುವ ತನಕ ಕಾದು, ಪುಸ್ತಕವನ್ನೂ ಸ್ವೆಟರನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಎಣಿಸಿದ.

"ಇದನ್ನ ನೋಡಿ ಮಾಡಿದ್ದಲ್ಲ ತಾಯಿ. ನಿಮ್ಮ ಪುಸ್ತಕದಲ್ಲಿ ನಾಲ್ಕನೇ ತಿರುವು ಬಲಕ್ಕೇ ಇದೆ. ಪುಸ್ತಕ ಸಿಕ್ಕಿದ್ರೆ ನಾವೂ ಸರಿಯಾಗೇ ಮಾಡ್ತಿದ್ವಿ."

"ಮತ್ತೆ?"

"ಚೆನ್ನಾಗಿರೋ ಸ್ವೆಟರ್ ಯಾರ ಮೈಮೇಲೆ ಕಂಡ್ರೂ ಇಸ್ಕೊಂಡು ಹರಡ್ತೀವಿ. ಕುಣಿಕೆ ಕುಣಿಕೆ ಎಣಿಸಿ ಇದ್ದ ಹಾಗೇ ಯಂತ್ರಕ್ಕೆ ಹಾಕ್ತೀವಿ. ಯಂತ್ರಕ್ಕೆ ತಪ್ಪು ಯಾವುದು, ಸರಿ ಯಾವುದು?"

ಪುಸ್ತಕಕ್ಕೂ ಆ ತಪ್ಪು ಇಳಿದಿದೆಯೆಂದೇ ಕಡ್ಡಿಯಕ್ಕ ನಂಬಿದ್ದಳು. ಆ ತಪ್ಪು ಇದ್ದದ್ದು ಲೋಕದಲ್ಲೇ ಒಂದು ಸ್ವೆಟರಿನಲ್ಲಿ. ಮುಗಿದ ಮೇಲೆ ಕಣ್ಣಿಗೆ ಬಿದ್ದು, ಬಿಚ್ಚುತ್ತೇನೆಂದರೂ ಬಿಡದೆ ಗಂಡ ಹಾಗೇ ತೊಟ್ಟುಕೊಂಡು ಹೋಗಿದ್ದ. ತಂಗಿ ಪುಸ್ತಕ ನೋಡೆಂದದ್ದು ಇದಕ್ಕೆ. ಕೋಲ್ಡ್ ಸ್ಟೋರೇಜಿನಿಂದ ಯಾರೋ ಅದನ್ನು ಹೊಡೆದುಕೊಂಡು ಹೋಗಿದ್ದಾರೆ. ಪಾಪದವನು, ಹೆಂಡತಿ ಬೈದಾಳೆಂದು ಬಾಯಿ ಬಿಟ್ಟಿಲ್ಲ. ಇತ್ತ ತಾನು ಹೆತ್ತ ಮಗಳ ಹಾಗಿದ್ದ ತಂಗಿಯನ್ನು ಬೀದಿಗೆ ಹಾಕಿ ಕೂತಿದ್ದಾಳೆ.

"ಯಾರ ಮೈಮೇಲಿತ್ತು?"

"ಗುಂಡಿ ಹಾಕೋ ಕಡೆ ಒಬ್ಬಳಿದ್ದಾಳೆ. ಇರಿ, ಕರೀತೀನಿ."

ಬಂದವಳಿಗೆ ಮೂವತ್ತರ ಆಸುಪಾಸು. ಗಂಡನಿಗೆ ಹೆಣೆದ ಅದೇ ಸ್ವೆಟರ್ ತೊಟ್ಟಿದ್ದಳು. ಅಳತೆ ದೊಡ್ಡದು, ತೋಳನ್ನು ಎರಡು ಮಡಿಕೆ ಮಡಚಿದ್ದಳು. ಕಡ್ಡಿಯಕ್ಕ ಎದ್ದು ಹೋಗಿ ಅವಳ ತೋಳು ಹಿಡಿದಳು.

"ಎಲ್ಲಿ ಕದ್ದೆ ಇದನ್ನ? ಸುಳ್ಳು ಹೇಳಿದ್ರೆ ಗ್ರಹಚಾರ ಬಿಡಿಸ್ತೀನಿ. ಹೆಣೆದವಳು ನಾನು."

ಅವಳು ಹೆದರಲಿಲ್ಲ. ಮುಖ ಅರಳಿಸಿ, ತನ್ನನ್ನು ಹಿಡಿದಿದ್ದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹಾಗಾದ್ರೆ ನೀವೇನಾ ನಮ್ಮನೆಯವರ ಅಕ್ಕ? ನಿಮ್ಮ ಹತ್ರ ಕರ್ಕೊಂಡು ಹೋಗಿ ಅಂದಾಗಲೆಲ್ಲ, ಕೋಲ್ಡ್ ಸ್ಟೋರೇಜಲ್ಲಿ ರಜಾ ಕೊಡಲ್ಲ ಅಂತ ಮದುವೆಯಾದಾಗಿಂದ ತಳ್ತಾನೇ ಇದ್ದಾರೆ."