ಮೂರನೆಯ ಅರ್ಜಿ

ದುರ್ಗವ್ವನನ್ನು ಏನು ಕೇಳಿದರೂ ಹತ್ತು ಎಣಿಸುವವರೆಗೆ ಕಾಯುವುದು ಓಣಿಗೆಲ್ಲ ರೂಢಿಯಾಗಿತ್ತು. ಹನ್ನೊಂದು ವರ್ಷದಿಂದ ಆಕೆ ವಿಡಿಯೋ ಗೇಮಿನ ಪಾತ್ರ. ಕಿವಿಯ ಹಿಂದಿನ ಕೆಂಪು ದೀಪ ಉರಿಯುವಷ್ಟು ಹೊತ್ತು, ಯಾವುದೋ ಊರಿನ ತಂಪು ಕೋಣೆಯಲ್ಲಿ ಕೂತು ಆಡುವವರು ಒತ್ತಿದ ಆಯ್ಕೆಯಂತೆಯೇ ಆಕೆಯ ಕೈಕಾಲು ಆಡಬೇಕು; ಒತ್ತಲು ಅವರಿಗೆ ಹತ್ತು ಎಣಿಸುವಷ್ಟು ಹೊತ್ತು. ನಗುವ ಬಡವಿ ಯಾರಿಗೂ ಬೇಡ. ಅವಳು ಅತ್ತರೆ ಮಾತ್ರ ಅವರಿಗೆ ಆಟ ರಂಗೇರುತ್ತದೆ.

ಅದು ಗೊತ್ತಿದ್ದೇ ಮಗಳು ಹುಲಿಗೆಮ್ಮ ನರ್ಸಿಂಗ್ ಶಾಲೆಯ ಅರ್ಜಿಯ ಮೂರು ಪ್ರತಿ ತಂದಿದ್ದಳು. ಸಂಜೆ ಐದರೊಳಗೆ ಕೊಡಬೇಕಿತ್ತು.

“ಯವ್ವಾ, ಸಹಿ ಮಾಡು,” ಎಂದು ಹತ್ತು ಎಣಿಸಿದಳು. ದುರ್ಗವ್ವನ ಕೈ ಅರ್ಜಿಯನ್ನು ಪರ್ರನೆ ಹರಿದು ಹಾಕಿತು.

“ನಾ ಅಲ್ಲವ್ವ, ಅವ್ರು,” ಎಂದು ತಾಯಿ ಕಣ್ಣೊರೆಸಿಕೊಂಡಳು.

“ಗೊತ್ತೈತಿ ಬಿಡು. ಇನ್ನೊಂದು ಹರದ್ರ ಆ ಪುಣ್ಯಾತ್ಮನ ಹೊಟ್ಟಿ ತುಂಬತೈತಿ.”

ಎರಡನೆಯದೂ ಚೂರಾಯಿತು. ಆಮೇಲೆ ದೀಪ ಆರಿತು. ಆಡುವವನು ಊಟಕ್ಕೆ ಎದ್ದಿರಬೇಕು. ಹುಲಿಗೆಮ್ಮ ಗೆದ್ದವಳಂತೆ ನಕ್ಕು ಮೂರನೆಯದನ್ನು ಮುಂದಿಟ್ಟಳು.

“ಈಗ ಯಾರೂ ಇಲ್ಲವ್ವಾ, ಕೈ ನಿಂದ ಐತಿ. ಲಗೂನ ಮಾಡು.”

ದುರ್ಗವ್ವ ಪೆನ್ನು ಹಿಡಿದು, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ಕೂತಳು. ಯಾರೂ ಏನೂ ಒತ್ತಲಿಲ್ಲ.

“ನೀ ಹೋದ್ರ ಈ ಮನಿಯಾಗ ನನ್ನ ಕೂಡ ಯಾರದಾರ?” ಎಂದಳು ಮೆಲ್ಲಗೆ. ಆಮೇಲೆ ಅದೇ ಪರ್ರನೆಯ ಸದ್ದು ಕೇಳಿತು.

“ನಾ ಅಲ್ಲವ್ವ,” ಎಂದು ತಾಯಿ ಎಂದಿನಂತೆ ಕಣ್ಣೊರೆಸಿಕೊಂಡಳು. “ಅವ್ರು.”

ಹುಲಿಗೆಮ್ಮ ತಾಯಿಯ ಕಿವಿಯ ಹಿಂದೆ ನೋಡಿದಳು. ದೀಪ ಆರಿಯೇ ಇತ್ತು.