ಹೋದ ಮೂರು ಅಂಕ

"ಮೂವತ್ತಕ್ಕೆ ಇಪ್ಪತ್ತೇಳು. ಬರೀಲಾ?" ಎಂದು ಪ್ರೊಫೆಸರ್ ದೊನಾತೊ ಪೆನ್ನಿನ ಮುಚ್ಚಳ ತೆಗೆದರು.

"ಬೇಡ ಮೇಷ್ಟ್ರೇ," ಎಂದಳು ಇಲೇನಿಯಾ.

ಸರದಿಗೆ ಕಾಯುತ್ತ ಬೆಂಚಿನಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದವರು ತಲೆಯೆತ್ತಿದರು. ಇಟಲಿಯ ಬಸಿಲಿಕಾತಾ ಬೆಟ್ಟಸೀಮೆಯ ಆ ಕೃಷಿ ಕಾಲೇಜಿನಲ್ಲಿ, ಮರದ ಕೊಂಬೆ ಸವರುವ ಪಾಠದ ಬಾಯಿಪರೀಕ್ಷೆ ಎಲ್ಲರ ಎದುರಿಗೇ ನಡೆಯುತ್ತಿತ್ತು. ಕೊಟ್ಟ ಅಂಕ ಬೇಡವೆಂದರೆ ಮುಂದಿನ ಸಲ ಮತ್ತೆ ಬಂದು ಕೂರಬಹುದು. ಹದಿನೆಂಟಕ್ಕೆ ಪಾಸಾದವರು ಬೇಡ ಅನ್ನುವುದುಂಟು. ಇಪ್ಪತ್ತೇಳನ್ನು ಯಾರಾದರೂ ಬಿಡುತ್ತಾರೆಯೇ? ಅದೂ ಈ ಹುಡುಗಿ? ಈ ತಿಂಗಳು ಪರೀಕ್ಷೆ ಮುಗಿಯದಿದ್ದರೆ ಅವಳ ವಿದ್ಯಾರ್ಥಿವೇತನವೂ ಇಲ್ಲ, ಹಾಸ್ಟೆಲಿನ ಕೋಣೆಯೂ ಇಲ್ಲ.

"ತಲೆ ಕೆಟ್ಟಿದ್ಯೇನೇ? ತಗೊಂಡು ಏಳೇ," ಎಂದು ಹಿಂದಿನಿಂದ ಗೆಳತಿ ನೂನ್ಸಿಯಾ ಪಿಸುಗುಟ್ಟಿದಳು.

"ಕಡಿಮೆ ಆಯ್ತೇನಮ್ಮ?" ಎಂದರು ದೊನಾತೊ.

"ಜಾಸ್ತಿ ಏನೂ ಬೇಡ. ಆ ಮೂರು ಯಾಕೆ ಹೋದ್ವು ಅಂತ ಹೇಳಿ, ಸಾಕು. ಕಾರಣ ಗೊತ್ತಿಲ್ದೆ ಕೊಂಬೆಗೆ ಗರಗಸ ಇಡಬೇಡಿ ಅಂತ ಮೊದಲನೇ ದಿನ ನೀವೇ ಹೇಳಿದ್ರಲ್ಲ."

ದೊನಾತೊ ನಗಲು ಹೋದವರು ತಡೆದುಕೊಂಡರು. ಎಷ್ಟೋ ವರ್ಷಗಳಿಂದ, ವಿದ್ಯಾರ್ಥಿಯ ಮಾತಿನ ಓಟ ಕೇಳುತ್ತಿದ್ದಂತೆಯೇ ಅಂಕ ತಾನಾಗಿ ಅವರ ಬಾಯಿಗೆ ಬರುತ್ತಿತ್ತು. ಬೆಂಚಿನತ್ತ ತಿರುಗಿ, "ನೀವೆಲ್ಲ ಬರ್ಕೊಂಡ್ರಲ್ಲ. ಎಲ್ಲಿ ತಪ್ಪಿದ್ಲು?" ಎಂದರು. ಎಲ್ಲರೂ ತಂತಮ್ಮ ಹಾಳೆ ನೋಡಿಕೊಂಡರು. ದೊನಾತೊ ಕೇಳಿದ ಪ್ರಶ್ನೆಗಳೆಲ್ಲ ಅಲ್ಲಿದ್ದವು. ಅವಳ ಉತ್ತರ ಒಬ್ಬರ ಹತ್ತಿರವೂ ಇರಲಿಲ್ಲ.

ದೊನಾತೊ ಕಿಟಕಿಯಾಚೆಯ ಆಲಿವ್ ಮರ ತೋರಿಸಿದರು. "ಅದನ್ನೇ ನೋಡ್ಕೊಂಡು ಇನ್ನೊಂದ್ಸಲ ಹೇಳು. ನಿಧಾನಕ್ಕೆ."

ಯಾವ ಕೊಂಬೆ ಉಳಿಸುವುದು, ಯಾವುದನ್ನು ಕಡಿಯುವುದು ಎಂದು ಅವಳು ಹೇಳುತ್ತಾ ಹೋದಳು. ಒಂದು ಕಡೆ ದೊನಾತೊ ಕೈಯೆತ್ತಿದರು.

"ದಕ್ಷಿಣದ ಕಡೆ ಕೊಂಬೆನೆಲ್ಲ ಯಾಕೆ ತೆಗೀತೀಯ?"

"ನಡುವಿಗೆ ಬಿಸಿಲು ಬೀಳ್ಲಿ ಅಂತ."

"ಬಿತ್ತು ಅಂತಿಟ್ಕೋ. ಜುಲೈ ಉರಿಬೇಸಿಗೇಲಿ, ಮಧ್ಯಾಹ್ನ ಏನಾಗುತ್ತೆ?"

ಇಲೇನಿಯಾ ಮರದ ಬುಡದಿಂದ ತುದಿಯವರೆಗೆ ಕಣ್ಣಾಡಿಸಿದಳು. "ತೊಗಟೆ ಸುಟ್ಟು ಹೋಗುತ್ತೆ. ನೆರಳಿಗೆ ಅಂತ ಒಂದಿಷ್ಟು ಉಳಿಸ್ಬೇಕಿತ್ತು." ಆಮೇಲೆ ಅವರ ಕಡೆ ತಿರುಗಿದಳು. "ಆಗ ಮೂರು ಕಳೆದಿದ್ದೂ ಇದಕ್ಕೇನಾ?"

"ಇಲ್ಲ. ಆಗ ಸುಮ್ನೆ ಕಳೆದಿದ್ದೆ. ಕಾರಣ ಈಗ ಸಿಕ್ತು."

"ಹಾಗಾದ್ರೆ ಬರೀರಿ. ಇಪ್ಪತ್ತೇಳೇ ಇರ್ಲಿ."

ದೊನಾತೊ ಸಹಿ ಹಾಕಿ ತಲೆಯೆತ್ತಿದಾಗ ಬಾಗಿಲಿಗೆ ಒರಗಿ ಸವೇರಿಯೊ ನಿಂತಿದ್ದ. ಬೆಳಿಗ್ಗೆ ಇಪ್ಪತ್ನಾಲ್ಕು ತೆಗೆದುಕೊಂಡು ಖುಷಿಯಾಗಿ ಕಾಫಿಗೆ ಹೋಗಿದ್ದವನು.

"ಮೇಷ್ಟ್ರೇ, ನಂದು ಆರು," ಎಂದ. "ಅವು ಎಲ್ಲಿ ಹೋದ್ವು?"

ಅವನ ಹಿಂದೆ, ಬೆಳಿಗ್ಗೆಯೇ ಅಂಕ ಪಡೆದು ಹೋಗಿದ್ದ ಇನ್ನಿಬ್ಬರು ನಿಂತಿದ್ದರು.