ಧಾರೆಗೆ ಬಂದ ಕೈ

ಬೇಸ್‌ಬಾಲ್ ಸೀಸನ್ ಮುಗಿದು ಆಟಗಾರರ ಮಾರಾಟ ಶುರುವಾದಾಗ, ತುಮಕೂರು ತಂಡದವರು ಕೆಂಪರಾಜುವಿನ ಬಲಗೈಯನ್ನು ಮಾತ್ರ ಬಳ್ಳಾರಿ ತಂಡಕ್ಕೆ ಕೊಟ್ಟರು. ಚೆಂಡು ಎಸೆಯುವುದರಲ್ಲಿ ಹೆಸರಾದ ಆ ಕೈ ಒಳ್ಳೆಯ ಸಂಬಳಕ್ಕೆ ಬಸ್ಸು ಹತ್ತಿ ಹೋಯಿತು. ಬದಲಿಗೆ ಅಲ್ಲಿಂದ ಬಂದದ್ದು ಚೆಂಡು ಹಿಡಿಯುವ ಹುಸೇನಪ್ಪನ ಬಲಗೈ. ಕೆಂಪರಾಜು ಅದನ್ನು ಭುಜಕ್ಕೆ ಸಿಕ್ಕಿಸಿಕೊಂಡ. ದಪ್ಪನೆಯ ಕೈ ಅದು. ಊಟಕ್ಕೆ ಕೂತರೂ ತಟ್ಟೆಯಿಂದ ಏನೋ ಹಾರಿ ಬರುತ್ತದೆಂದು ಕಾಯುತ್ತಿತ್ತು.

ಅಷ್ಟರಲ್ಲಿ ಮಗಳು ಸುಚಿತ್ರಾಳ ಮದುವೆ ಬಂತು. "ಅಪ್ಪಾ, ಧಾರೆ ಎರೆಯೋಕೆ ನಿನ್ ಕೈನೇ ಬೇಕು. ಒಂದಿನದ ಮಟ್ಟಿಗೆ ಕಳ್ಸಿ ಅಂತ ಕೇಳು" ಎಂದಳು.

ಕೆಂಪರಾಜು ಫೋನ್ ಮಾಡಿದ. ಬಳ್ಳಾರಿಯ ಮ್ಯಾನೇಜರ್ ಸಮಾಧಾನದಿಂದಲೇ ಹೇಳಿದರು: "ಕೈಗೆ ರಜಾ ಕೊಡಾಕ ಬರಂಗಿಲ್ರೀ. ಒಪ್ಪಂದದಾಗ ಮಗಳ ಮದುವಿ ಅಂತ ಎಲ್ಲೂ ಬರದಿಲ್ಲ."

ಸುಚಿತ್ರಾ ಮುಖ ಊದಿಸಿಕೊಂಡೇ ಮಂಟಪಕ್ಕೆ ಬಂದಳು. ಕೆಂಪರಾಜು ಹಾಲಿನ ತಂಬಿಗೆ ಎತ್ತಿದ. ಕೈ ಗಡಗಡ ನಡುಗಿತು. ಆಗ ಜನರ ನಡುವಿನಿಂದ ಒಬ್ಬ ಎದ್ದು ನಿಂತ. ಅವನ ಅಂಗಿಯ ಬಲತೋಳು ಖಾಲಿಯಾಗಿ ಜೋತಾಡುತ್ತಿತ್ತು.

"ನಾ ಹುಸೇನಪ್ಪರೀ. ನಿಮ್ ಕೈಗೆ ರಜಾ ಸಿಗಲಿಲ್ರೀ, ಅದನ್ನ ಅಲ್ಲೇ ಬಿಟ್ಟು ಬಂದೆ. ನನ್ ಕೈ ಕನ್ಯಾದಾನ ಮಾಡತೈತಿ ಅಂತ ಮ್ಯಾನೇಜರ್ ಹೇಳಿದ್ರು, ನೋಡಾಕ ಬಂದೆ. ಅದು ಹೆದರೇತ್ರೀ. ನನಗ ಹೆಣ್ಮಕ್ಕಳಿಲ್ಲ."

ಸುಚಿತ್ರಾ ಅವನನ್ನೇ ನೋಡಿದಳು. ಆಮೇಲೆ, "ಬನ್ನಿ, ಅಪ್ಪನ ಪಕ್ಕ ನಿಂತ್ಕೊಳ್ಳಿ" ಎಂದಳು.

ಅವನು ಬಂದು ನಿಂತ ಮೇಲೆ ನಡುಕ ನಿಂತಿತು, ಧಾರೆ ನೇರವಾಗಿ ಬಿತ್ತು. ಸುಚಿತ್ರಾ ಬಗ್ಗಿ ಇಬ್ಬರ ಕಾಲಿಗೂ ನಮಸ್ಕರಿಸಿದಳು. ಇಬ್ಬರೂ ಒಟ್ಟಿಗೇ ಹರಸಿದರು. ಅವಳ ತಲೆಯ ಮೇಲೆ ಇಳಿದದ್ದು ಒಂದೇ ಬಲಗೈ.